ಲಿಮಿಟ್ 20 ಅಂತ ಕೊಟ್ರೂ ಮೂರೇ ಬರ್ತಿದೆ, ಇನ್ನೊಂದ್ಸಲ ಸೊನ್ನೆ: ಡೈನಮೊಡಿಬಿ ಪೇಜಿನೇಶನ್ ಬಗ್ಗೆ

ಕಿರುದಾರಿ

ಎಲ್ರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಕಡೆ ಸಿಕ್ಕಾಕ್ಕೊಂಡಿದೀನಿ, ಯಾರಾದ್ರೂ ದಾರಿ ತೋರಿಸಿ. ನಮ್ಮದು ಸಪೋರ್ಟ್ ಟಿಕೆಟ್‌ಗಳ ಆಪ್. ಡೈನಮೊಡಿಬಿಲಿ (ಅಮೆಜಾನ್‌ನ ಕ್ಲೌಡ್ ಡೇಟಾಬೇಸ್) ಒಂದು ಟೇಬಲ್ ಇದೆ, ಪಾರ್ಟಿಶನ್ ಕೀ (ಐಟಮ್ ಯಾವ ಗುಂಪಿಗೆ ಸೇರುತ್ತೆ ಅಂತ ಹೇಳೋದು) ಟೀಮ್ ಐಡಿ, ಸಾರ್ಟ್ ಕೀ (ಆ ಗುಂಪಿನೊಳಗೆ ಸಾಲು ಜೋಡಿಸೋದು) ಅಂದ್ರೆ ಟಿಕೆಟ್ ಹುಟ್ಟಿದ ಸಮಯ, ಅದರ ಬಾಲಕ್ಕೆ ಟಿಕೆಟ್ ಐಡಿ ಅಂಟಿಸಿದೀವಿ. ಪರದೆ ಮೇಲೆ ಒಂದು ಟೀಮಿನ ಓಪನ್ ಟಿಕೆಟ್‌ಗಳು ಮಾತ್ರ ಬೇಕು, ಹೊಸದು ಮೇಲೆ, ಒಂದು ಪೇಜಿಗೆ 20. ಸರಿ ಅಂತ ಕ್ವೆರಿಗೆ ಲಿಮಿಟ್ 20 ಹಾಕಿ, ಸ್ಟೇಟಸ್ ಓಪನ್ ಆಗಿರ್ಬೇಕು ಅಂತ ಫಿಲ್ಟರ್ ಎಕ್ಸ್‌ಪ್ರೆಶನ್ ಕೊಟ್ಟೆ. ಲಾಗ್‌ನಲ್ಲಿ ಸಿಕ್ಕಿದ್ದು ಇದು:

1ನೇ ಕರೆ: ಕೌಂಟ್ 3, ಸ್ಕ್ಯಾನ್ಡ್ ಕೌಂಟ್ 20, ಲಾಸ್ಟ್ ಇವ್ಯಾಲ್ಯುಯೇಟೆಡ್ ಕೀ (ಓದು ಎಲ್ಲಿ ನಿಂತಿತು ಅನ್ನೋ ಗುರುತು) ಇದೆ
2ನೇ ಕರೆ: ಕೌಂಟ್ 0, ಸ್ಕ್ಯಾನ್ಡ್ ಕೌಂಟ್ 20, ಕೀ ಇದೆ
3ನೇ ಕರೆ: ಕೌಂಟ್ 7, ಸ್ಕ್ಯಾನ್ಡ್ ಕೌಂಟ್ 20, ಕೀ ಇದೆ

ಎರಡನೇ ಪೇಜ್ ಖಾಲಿ ಬಂದ ತಕ್ಷಣ ನಮ್ಮ ಆಪ್ "ಇನ್ನು ಟಿಕೆಟ್ ಇಲ್ಲ" ಅಂತ ತೋರಿಸಿ ನಿಂತ್ಬಿಡುತ್ತೆ, ಆದ್ರೆ ಕೆಳಗೆ ಇನ್ನೂ ಏಳು ಟಿಕೆಟ್ ಇದ್ವು ಅಂತ ಲಾಗ್ ಹೇಳ್ತಿದೆ. ಲಿಮಿಟ್ ಅಂದ್ರೆ 20 ಬೇಕು ಅಂತ ಅಲ್ವಾ ಅರ್ಥ? ನಾನೇನು ತಪ್ಪು ಮಾಡ್ತಿದೀನಿ?

ರಾತ್ರಿಪಾಳಿ

ನಿಮ್ಮ ಲಾಗ್‌ನಲ್ಲೇ ಉತ್ತರ ಇದೆ, ಸ್ಕ್ಯಾನ್ಡ್ ಕೌಂಟ್ ಮೂರೂ ಸಲ 20 ಇದೆ ನೋಡಿ. ಡೈನಮೊಡಿಬಿಲಿ ಲಿಮಿಟ್ ಅಂದ್ರೆ "ಇಷ್ಟು ಕೊಡು" ಅಂತ ಅಲ್ಲ, "ಇಷ್ಟು ಓದಿ ನಿಲ್ಲು" ಅಂತ. ಮೊದಲು 20 ಐಟಮ್ ಓದುತ್ತೆ, ಆಮೇಲೆ ಓದಿದ್ದನ್ನ ನಿಮ್ಮ ಫಿಲ್ಟರ್ ಅನ್ನೋ ಜರಡಿಗೆ ಹಾಕುತ್ತೆ, ಕೆಳಗೆ ಬಿದ್ದಷ್ಟು ನಿಮ್ಮ ಕೈಗೆ. 20ರಲ್ಲಿ ಮೂರು ಓಪನ್ ಇದ್ರೆ ಮೂರು, ಒಂದೂ ಇಲ್ದಿದ್ರೆ ಸೊನ್ನೆ. ಹಣ ಮಾತ್ರ ಓದಿದ ಇಪ್ಪತ್ತಕ್ಕೂ ಕಟ್ಟಬೇಕು, ಫಿಲ್ಟರ್ ಹಾಕಿದ್ದಕ್ಕೆ ರೀಡ್ ಯುನಿಟ್ (ಓದಿದ್ದಕ್ಕೆ ಬಿಲ್ ಹಾಕೋ ಅಳತೆ) ಒಂದು ಚೂರೂ ಕಮ್ಮಿ ಆಗಲ್ಲ.

ಇದರ ಜೊತೆಗೆ ಇನ್ನೊಂದು ಗೋಡೆ ಇದೆ. ನೀವು ಲಿಮಿಟ್ ಕೊಡಿ ಬಿಡಿ, ಒಂದು ಕ್ವೆರಿ ಕರೆ 1 ಎಂಬಿಗಿಂತ ಜಾಸ್ತಿ ಓದಲ್ಲ, ಅದೂ ಫಿಲ್ಟರ್‌ಗಿಂತ ಮುಂಚಿನ ಅಳತೆ. ಐಟಮ್ 60 ಕೆಬಿ ಇದ್ರೆ ಲಿಮಿಟ್ 20 ಅಂದ್ರೂ ಹದಿನೇಳರ ಆಸುಪಾಸಿನಲ್ಲೇ ನಿಂತು ಕೀ ಕೊಟ್ಟು ಕಳಿಸುತ್ತೆ. ಒಂದು ಐಟಮ್ 400 ಕೆಬಿವರೆಗೂ ಇರಬಹುದು, ಅಂಥವು ಸಾಲಾಗಿ ಬಂದ್ರೆ ಒಂದು ಪೇಜ್ ಅಂದ್ರೆ ಎರಡೋ ಮೂರೋ ಐಟಮ್ ಅಷ್ಟೇ.

ಮುಗೀತು ಅಂತ ತಿಳ್ಕೊಳ್ಳೋಕೆ ಒಂದೇ ಗುರುತು, ಉತ್ತರದಲ್ಲಿ ಲಾಸ್ಟ್ ಇವ್ಯಾಲ್ಯುಯೇಟೆಡ್ ಕೀ ಇಲ್ಲದೇ ಇರೋದು. ಐಟಮ್ ಎಷ್ಟು ಬಂತು ಅನ್ನೋದನ್ನ ಯಾವತ್ತೂ ನಂಬಬೇಡಿ. ಕೀ ಇದ್ರೆ ಅದನ್ನ ಹಾಗೇ ತಗೊಂಡು ಮುಂದಿನ ಕರೆಗೆ ಎಕ್ಸ್‌ಕ್ಲೂಸಿವ್ ಸ್ಟಾರ್ಟ್ ಕೀ ಅಂತ ಕೊಡಿ. ಕೀ ಇದೆ ಅಂದ ಮಾತ್ರಕ್ಕೆ ಮುಂದೆ ಡೇಟಾ ಇದ್ದೇ ಇದೆ ಅಂತಾನೂ ಅಲ್ಲ, ಕೊನೇ ಐಟಮ್‌ಗೆ ಸರಿಯಾಗಿ ಲಿಮಿಟ್ ಮುಗಿದ್ರೆ ಕೀ ಬರುತ್ತೆ, ಅದನ್ನ ಇಟ್ಕೊಂಡು ಮುಂದಿನ ಕರೆ ಮಾಡಿದ್ರೆ ಖಾಲಿ ಪೇಜು, ಆಗ ಕೀ ಇರಲ್ಲ.

ಇದನ್ನ ಇಷ್ಟು ಒತ್ತಿ ಹೇಳ್ತಿರೋದಕ್ಕೆ ಕಾರಣ ಇದೆ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ತಿಂಗಳ ಕೊನೆಗೆ ಡೇಟಾ ಎತ್ತಿ ವರದಿ ಮಾಡೋ ಜಾಬ್ ಬರೆದಿದ್ದೆ, ಲೂಪ್ ನಿಲ್ಲಿಸೋ ಷರತ್ತು "ಐಟಮ್ ಸೊನ್ನೆ ಬಂದ್ರೆ ನಿಲ್ಲು" ಅಂತ ಹಾಕಿದ್ದೆ. ಮೂರು ತಿಂಗಳು ಎಲ್ಲಾ ಸರಿ ಇದೆ ಅಂತಾನೇ ಅನ್ಕೊಂಡಿದ್ವಿ, ಎರರ್ ಇಲ್ಲ, ಅಲರ್ಟ್ ಇಲ್ಲ, ಏನೂ ಇಲ್ಲ. ಯಾರೋ ಕೈಯಲ್ಲಿ ಲೆಕ್ಕ ಹಾಕಿ ನೋಡಿದಾಗ ಮಧ್ಯದಲ್ಲೊಂದು ಖಾಲಿ ಪೇಜ್ ಬಂದು ಅಲ್ಲಿಂದಾಚೆಗಿನ ಸಾಲುಗಳೆಲ್ಲ ವರದಿಗೆ ಸೇರಿರಲೇ ಇಲ್ಲ. ಮೂರು ವರದಿಗಳನ್ನೂ ಮತ್ತೆ ಮಾಡಿ ಕಳಿಸಿ, ಪ್ರತಿಯೊಬ್ಬರಿಗೂ ವಿವರಣೆ ಕೊಟ್ಟಿದ್ದು ಇನ್ನೂ ನೆನಪಿದೆ.

ಕಿರುದಾರಿ

ಅಯ್ಯೋ, ಹಾಗಾದ್ರೆ ನಮ್ಮ ಬಳಕೆದಾರರಿಗೂ ಟಿಕೆಟ್‌ಗಳು ಕಾಣಿಸದೇ ಹೋಗಿವೆ, ಇವತ್ತೇ ಸರಿ ಮಾಡ್ಬೇಕು. 20 ತುಂಬೋವರೆಗೂ ಸರ್ವರ್ ಕಡೆನೇ ಲೂಪ್ ಹಾಕಿದ್ರೆ ಆಗುತ್ತಾ? ಅಂದ್ರೆ ಕೀ ಇರೋವರೆಗೆ ಅಥವಾ 20 ಸೇರೋವರೆಗೆ ಕ್ವೆರಿ ಮಾಡ್ತಾ ಹೋಗೋದು, ಜಾಸ್ತಿ ಬಂದಿದ್ದನ್ನ ಕತ್ತರಿಸಿ, ಕೊನೇ ಕರೆಯ ಕೀನ ಕ್ಲೈಂಟ್‌ಗೆ ಕೊಡೋದು.

ಎಣಿಕೆ

ಒಂದ್ನಿಮಿಷ, ಆ ಕೊನೇ ಸಾಲಿನಲ್ಲಿ ದೊಡ್ಡ ಗುಂಡಿ ಇದೆ. ಲೆಕ್ಕ ಹಾಕಿ ನೋಡಿ. 15 ಸೇರಿದೆ, ಇನ್ನೂ 5 ಬೇಕು. ಮುಂದಿನ ಕರೆಯಲ್ಲಿ ಫಿಲ್ಟರ್ ದಾಟಿ 12 ಬಂತು. ಐದು ಇಟ್ಕೊಂಡು ಏಳನ್ನ ಕತ್ತರಿಸಿದ್ರಿ. ಆದ್ರೆ ಡೇಟಾಬೇಸ್ ಕೊಟ್ಟ ಕೀ ಆ ಹನ್ನೆರಡೂ ದಾಟಿ, ಓದಿದ ಕೊನೇ ಐಟಮ್‌ನ ಹತ್ರ ನಿಂತಿದೆ. ಅದನ್ನ ಕ್ಲೈಂಟ್‌ಗೆ ಕೊಟ್ರೆ ಮುಂದಿನ ಪೇಜ್ ಅಲ್ಲಿಂದ ಶುರು, ಆ ಏಳು ಟಿಕೆಟ್ ಯಾವ ಪೇಜಲ್ಲೂ ಬರಲ್ಲ.

ಇದಕ್ಕೆ ಪರಿಹಾರ ಸುಲಭ, ಯಾಕೋ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಲಾಸ್ಟ್ ಇವ್ಯಾಲ್ಯುಯೇಟೆಡ್ ಕೀ ಏನೋ ಗುಪ್ತ ಟೋಕನ್ ಅಲ್ಲ, ಒಂದು ಐಟಮ್‌ನ ಕೀ ಆಟ್ರಿಬ್ಯೂಟ್‌ಗಳಷ್ಟೇ. ಅದಕ್ಕೇ ನೀವೇ ಕಟ್ಟಬಹುದು. ಬಳಕೆದಾರನಿಗೆ ಕೊಟ್ಟ 20ನೇ ಟಿಕೆಟ್ ಇದೆಯಲ್ಲ, ಅದರ ಟೀಮ್ ಐಡಿ, ಅದರ ಸಾರ್ಟ್ ಕೀ ತಗೊಂಡು ಅದನ್ನೇ ಸ್ಟಾರ್ಟ್ ಕೀ ಮಾಡಿ. ಏಳು ಟಿಕೆಟ್‌ನ ಇನ್ನೊಂದ್ಸಲ ಓದ್ತೀರ ನಿಜ, ಆದ್ರೆ ಯಾವುದೂ ಕೈ ತಪ್ಪಲ್ಲ. ಪ್ರೊಜೆಕ್ಷನ್ ಎಕ್ಸ್‌ಪ್ರೆಶನ್ (ಇಂತಿಂಥ ಆಟ್ರಿಬ್ಯೂಟ್ ಮಾತ್ರ ಕೊಡು ಅನ್ನೋದು) ಬಳಸ್ತಿದ್ರೆ ಅದರಲ್ಲಿ ಕೀ ಆಟ್ರಿಬ್ಯೂಟ್‌ಗಳು ಇರಲೇಬೇಕು, ಇಲ್ದಿದ್ರೆ ಕಟ್ಟೋಕೆ ಏನೂ ಉಳಿದಿರಲ್ಲ.

ಆ ಐಟಮ್ ಅಷ್ಟರಲ್ಲಿ ಡಿಲೀಟ್ ಆದ್ರೆ ಅಂತ ಮುಂದೆ ಕೇಳ್ತೀರ, ಮೊದಲೇ ಹೇಳ್ಬಿಡ್ತೀನಿ, ಏನೂ ಆಗಲ್ಲ. ಸ್ಟಾರ್ಟ್ ಕೀ ಅನ್ನೋದು ಪುಸ್ತಕದ ಮಧ್ಯೆ ಇಟ್ಟ ನವಿಲುಗರಿ ಇದ್ದ ಹಾಗೆ, ಆ ಹಾಳೆ ಹರಿದು ಹೋದ್ರೂ ಗರಿ ಇದ್ದ ಜಾಗದಿಂದ ಮುಂದಕ್ಕೆ ಓದಬಹುದು. ಸಾರ್ಟ್ ಕೀ ಸಾಲಿನಲ್ಲಿ ಅದೊಂದು ಜಾಗ, ಅಲ್ಲೊಂದು ಐಟಮ್ ಇರಲೇಬೇಕು ಅಂತೇನಿಲ್ಲ.

ರಾತ್ರಿಪಾಳಿ

ಎಣಿಕೆ ಅವರು ಹೇಳಿದ್ದು ಪೂರ್ತಿ ಸರಿ. ಲೂಪ್‌ಗೆ ಒಂದು ಮಿತಿ ಮಾತ್ರ ಹಾಕಿ. ಒಂದು ರಿಕ್ವೆಸ್ಟ್‌ಗೆ ಐದು ಕರೆ ಅಂತಲೋ ಇಷ್ಟು ಮಿಲಿಸೆಕೆಂಡ್ ಅಂತಲೋ. ಮಿತಿ ಮುಟ್ಟಿದ್ರೆ ಸಿಕ್ಕಿದಷ್ಟು ಕೊಟ್ಟು, ಜೊತೆಗೆ ಕೀನೂ ಕೊಟ್ಟು ಕಳಿಸಿ. ಆ ಹೊತ್ತಿನಲ್ಲಿ ಕತ್ತರಿಸಿದ್ದು ಏನೂ ಇರಲ್ಲ, ಹಾಗಾಗಿ ಡೇಟಾಬೇಸ್ ಕೊಟ್ಟ ಕೀನೇ ಕೊಡಬಹುದು, ಅಲ್ಲಿ ಅದೇ ಸರಿ ಕೂಡ, ಯಾಕಂದ್ರೆ ಕೊನೇ ಟಿಕೆಟ್‌ನಿಂದ ಕಟ್ಟಿದ್ರೆ ಅದರ ಆಚೆ ಓದಿದ್ದನ್ನೆಲ್ಲ ಮತ್ತೆ ಓದಬೇಕಾಗುತ್ತೆ. ಕ್ಲೈಂಟ್‌ಗೆ ಐಟಮ್ ಕಮ್ಮಿ ಬಂದ್ರೂ ಕೀ ಇದ್ರೆ ಮತ್ತೆ ಕೇಳೋ ಅಭ್ಯಾಸ ಇರಬೇಕು, ಅಷ್ಟೇ.

ಆದ್ರೆ ಇಷ್ಟೆಲ್ಲ ಬರೆದಮೇಲೂ ನನ್ನ ಮಾತು ಬೇರೆ. ಲೂಪ್ ಹಾಕೋದು ಇವತ್ತಿನ ರಾತ್ರಿಗೆ ಸರಿ, ನಾಳೆಗಲ್ಲ. ನಿಮ್ಮ ದೊಡ್ಡ ಟೀಮಿನಲ್ಲಿ ಎಷ್ಟು ಟಿಕೆಟ್ ಇದೆ, ಅದರಲ್ಲಿ ಓಪನ್ ಎಷ್ಟು, ಒಂದೊಂದು ಎಷ್ಟು ಕೆಬಿ?

ಕಿರುದಾರಿ

ದೊಡ್ಡ ಟೀಮಿನಲ್ಲಿ ಸುಮಾರು 6000, ಓಪನ್ ಇರೋದು 40ರ ಹತ್ರ. ಒಂದು ಟಿಕೆಟ್ ಹೆಚ್ಚುಕಮ್ಮಿ 2 ಕೆಬಿ.

ಎಣಿಕೆ

ಹಾಗಾದ್ರೆ ನೋಡಿ. 6000 ಸಲ 2 ಕೆಬಿ ಅಂದ್ರೆ 12000 ಕೆಬಿ. ಒಂದು ಕರೆಗೆ 1 ಎಂಬಿ ಲೆಕ್ಕದಲ್ಲಿ ಹನ್ನೆರಡು ಕರೆ. ಸ್ಟ್ರಾಂಗ್ಲಿ ಕನ್ಸಿಸ್ಟೆಂಟ್ ಆಗಿ (ಈಗ ತಾನೇ ಬರೆದಿದ್ದೂ ಕಾಣೋ ಹಾಗೆ) ಓದಿದ್ರೆ 4 ಕೆಬಿಗೆ ಒಂದು ಯುನಿಟ್, ಒಟ್ಟು 3000. ಇವೆಂಚುವಲಿ ಕನ್ಸಿಸ್ಟೆಂಟ್ (ಹೊಸದು ಸ್ವಲ್ಪ ತಡವಾಗಿ ಕಾಣಬಹುದು) ಆದ್ರೆ ಅರ್ಧ, 1500. ಒಬ್ಬ ಬಳಕೆದಾರ ಓಪನ್ ಪಟ್ಟಿನ ಕೆಳಗಿನವರೆಗೂ ಎಳೆದ್ರೆ ಅಷ್ಟು ಖರ್ಚು, 40 ಟಿಕೆಟ್ ನೋಡೋಕೆ. ಅದೇ 40 ಟಿಕೆಟ್ ಮಾತ್ರ ಇರೋ ಇಂಡೆಕ್ಸ್ ಇದ್ದಿದ್ರೆ 80 ಕೆಬಿ, 10 ಯುನಿಟ್. ಇಲ್ಲಿ ಲಿಮಿಟ್ ಎಷ್ಟು ಹಾಕಿದ್ರಿ ಅನ್ನೋದು ಲೆಕ್ಕಕ್ಕೇ ಬರಲ್ಲ, ಕೀ ಡಿಸೈನ್ ಸರಿ ಇಲ್ಲ.

ಇದಕ್ಕೆ ಸ್ಪಾರ್ಸ್ ಇಂಡೆಕ್ಸ್ ಮಾಡಿ. ಟಿಕೆಟ್ ಓಪನ್ ಇದ್ದಾಗ ಮಾತ್ರ ಅದರಲ್ಲೊಂದು ಆಟ್ರಿಬ್ಯೂಟ್ ಇರಲಿ, ಹೆಸರು ಓಪನ್ ಸಮಯ ಅಂತಿಟ್ಕೊಳ್ಳಿ. ಒಂದು ಗ್ಲೋಬಲ್ ಸೆಕೆಂಡರಿ ಇಂಡೆಕ್ಸ್ (ಟೇಬಲ್‌ನ ಡೇಟಾನ ಬೇರೆ ಕೀಗಳ ಮೇಲೆ ಜೋಡಿಸಿದ ಪ್ರತಿ) ಮಾಡಿ, ಪಾರ್ಟಿಶನ್ ಕೀ ಟೀಮ್ ಐಡಿನೇ, ಸಾರ್ಟ್ ಕೀ ಈ ಓಪನ್ ಸಮಯ. ಟಿಕೆಟ್ ಕ್ಲೋಸ್ ಮಾಡುವಾಗ ಅದೇ ಅಪ್‌ಡೇಟ್‌ನಲ್ಲಿ ಆ ಆಟ್ರಿಬ್ಯೂಟ್‌ನ ತೆಗೆದುಹಾಕಿ. ಇಂಡೆಕ್ಸ್ ಕೀ ಇಲ್ಲದ ಐಟಮ್ ಇಂಡೆಕ್ಸ್‌ನಲ್ಲಿ ಇರೋದೇ ಇಲ್ಲ, ತಾನಾಗೇ ಹೊರಗೆ ಹೋಗುತ್ತೆ. ಆಮೇಲೆ ಫಿಲ್ಟರ್ ಬೇಡವೇ ಬೇಡ, ಲಿಮಿಟ್ 20 ಅಂದ್ರೆ ನಿಜವಾಗ್ಲೂ 20 ಬರುತ್ತೆ, ಐಟಮ್ ಚಿಕ್ಕದಿರೋದ್ರಿಂದ 1 ಎಂಬಿ ಗೋಡೆನೂ ಅಡ್ಡ ಬರಲ್ಲ. ಬರೆಯುವಾಗ ಇಂಡೆಕ್ಸ್‌ಗೂ ಸ್ವಲ್ಪ ರೈಟ್ ಯುನಿಟ್ ಹೋಗುತ್ತೆ, ನಿಮ್ಮ ಲೆಕ್ಕಕ್ಕೆ ಅದು ಏನೂ ಅಲ್ಲ.

ಎರಡು ವಿಷಯ ಗಮನದಲ್ಲಿರಲಿ. ಗ್ಲೋಬಲ್ ಇಂಡೆಕ್ಸ್‌ನ ಸ್ಟ್ರಾಂಗ್ಲಿ ಕನ್ಸಿಸ್ಟೆಂಟ್ ಆಗಿ ಓದೋಕಾಗಲ್ಲ, ಈಗ ತಾನೇ ಹುಟ್ಟಿದ ಟಿಕೆಟ್ ಒಂದು ಕ್ಷಣ ತಡವಾಗಿ ಕಾಣಬಹುದು. ಎರಡನೇದು, ಇಂಡೆಕ್ಸ್‌ನ ಸ್ಟಾರ್ಟ್ ಕೀ ಕಟ್ಟುವಾಗ ಇಂಡೆಕ್ಸ್ ಕೀಗಳ ಜೊತೆ ಮೂಲ ಟೇಬಲ್‌ನ ಕೀಗಳೂ ಬೇಕು. ಇಂಡೆಕ್ಸ್‌ನಲ್ಲಿ ಒಂದೇ ಟೀಮಿಗೆ ಒಂದೇ ಓಪನ್ ಸಮಯದ ಎರಡು ಟಿಕೆಟ್ ಇರಬಹುದು, ಯಾವುದರ ಆಚೆಯಿಂದ ಅಂತ ಅದಕ್ಕೆ ಗೊತ್ತಾಗಬೇಕಲ್ಲ, ಅದಕ್ಕೆ. ನಿಮಗೆ ಟೀಮ್ ಐಡಿ ಎರಡೂ ಕಡೆ ಒಂದೇ, ಹಾಗಾಗಿ ಮೂರು ಆಟ್ರಿಬ್ಯೂಟ್: ಟೀಮ್ ಐಡಿ, ಓಪನ್ ಸಮಯ, ಮೂಲ ಸಾರ್ಟ್ ಕೀ.

ಪರದೆಯಾಚೆ

ನಾನು ಫ್ರಂಟೆಂಡ್ ಕಡೆಯವಳು, ಇದನ್ನ ಓದ್ತಾ ನನ್ನದೊಂದು ಹಳೇ ಸಂಕಟ ಕೇಳ್ಬೇಕು ಅನ್ನಿಸ್ತು. ನಮ್ಮ ಡಿಸೈನ್‌ನಲ್ಲಿ ಕೆಳಗೆ 1, 2, 3 ಅಂತ ಪೇಜ್ ನಂಬರ್ ಇರುತ್ತೆ, ಕೊನೇಲಿ ಒಟ್ಟು ಇಷ್ಟು ಪೇಜ್ ಅಂತ ಇರುತ್ತೆ, ಬ್ಯಾಕೆಂಡ್‌ನವರು ಪ್ರತಿ ಸಲ "ಆಗಲ್ಲ" ಅಂತಾರೆ. ಯಾಕೆ ಆಗಲ್ಲ ಅಂತ ಸರಿಯಾಗಿ ಯಾರೂ ಹೇಳಿಲ್ಲ. 7ನೇ ಪೇಜಿಗೆ ನೇರ ಹೋಗೋದು ಅಷ್ಟು ಕಷ್ಟವಾ?

ರಾತ್ರಿಪಾಳಿ

ಸರಿಯಾದ ಪ್ರಶ್ನೆ, ನಿಮಗೆ ನೇರ ಉತ್ತರ ಸಿಗಬೇಕಿತ್ತು. ಈ ಡೇಟಾಬೇಸ್‌ಗೆ "121ನೇ ಐಟಮ್" ಅಂದ್ರೆ ಯಾವುದು ಅಂತ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು "ಈ ಕೀ ಆದಮೇಲೆ ಬರೋದು" ಅಂತ ಮಾತ್ರ. 7ನೇ ಪೇಜಿನ ಮೊದಲ ಕೀ ತಿಳಿಬೇಕು ಅಂದ್ರೆ 6ನೇ ಪೇಜಿನ ಕೊನೇ ಕೀ ಬೇಕು, ಹಾಗೆ ಹಿಂದಕ್ಕೆ ಹೋಗ್ತಾ 1ರಿಂದಲೇ ನಡೀಬೇಕು. ಡೈನಮೊಡಿಬಿಲಿ ಆಫ್‌ಸೆಟ್, ಅಂದ್ರೆ "ಮೊದಲ ಇಷ್ಟು ಬಿಟ್ಟು ಮುಂದಿನದು ಕೊಡು" ಅನ್ನೋದೇ ಇಲ್ಲ. ಬೇರೆ ಡೇಟಾಬೇಸ್‌ಗಳಲ್ಲಿ ಇದೆ, ಆದ್ರೆ ಪುಕ್ಕಟೆ ಅಲ್ಲ: ಫೈರ್‌ಸ್ಟೋರ್‌ನಲ್ಲಿ ಆಫ್‌ಸೆಟ್ ಕೊಟ್ರೆ ದಾಟಿಕೊಂಡು ಹೋದ ಡಾಕ್ಯುಮೆಂಟ್‌ಗಳಿಗೂ ರೀಡ್ ಲೆಕ್ಕ ಬೀಳುತ್ತೆ, ಕಾಸ್ಮೋಸ್ ಡಿಬಿಲಿ ಆಫ್‌ಸೆಟ್ ಬೆಳೆದಷ್ಟೂ ರಿಕ್ವೆಸ್ಟ್ ಯುನಿಟ್ ಏರುತ್ತೆ, ಮಾಂಗೋಡಿಬಿಯ ಸ್ಕಿಪ್ ಕೂಡ ಅಷ್ಟನ್ನೂ ನಡೆದು ದಾಟಿಯೇ ಹೋಗುತ್ತೆ. ಮೊದಲ ಪೇಜುಗಳಲ್ಲಿ ಗೊತ್ತಾಗಲ್ಲ, ಐನೂರನೇ ಪೇಜಲ್ಲಿ ಗೊತ್ತಾಗುತ್ತೆ.

ನಿಮ್ಮ ಕೈಲಿ ಆಗೋದು ಏನು ಅಂದ್ರೆ, ದಾಟಿದ ಪೇಜುಗಳ ಕೀಗಳನ್ನ ಕ್ಲೈಂಟ್‌ನಲ್ಲೇ ಒಂದು ಪಟ್ಟಿ ಮಾಡಿ ಇಟ್ಕೊಳ್ಳಿ. ಹಿಂದೆ ಬಟನ್‌ಗೆ ಅದು ಸಾಕು, ಈಗಾಗ್ಲೇ ನೋಡಿದ 1, 2, 3ಕ್ಕೆ ನೆಗೆಯೋಕೂ ಸಾಕು. ನೋಡದ ಪೇಜಿಗೆ ನೆಗೆಯೋ ಆಸೆ ಬಿಡಿ. ಅದರ ಬದಲು ತಾರೀಖು ಆರಿಸೋ ಅವಕಾಶ ಕೊಡಿ, ಸಾರ್ಟ್ ಕೀ ಸಮಯವೇ ಆಗಿರೋದ್ರಿಂದ ಆ ದಿನದಿಂದ ಕ್ವೆರಿ ಮಾಡೋದು ಒಂದೇ ಕರೆ. ಹಳೇ ಟಿಕೆಟ್ ಹುಡುಕೋ ಮನುಷ್ಯನಿಗೆ "ಮಾರ್ಚ್ ತಿಂಗಳದ್ದು" ಅಂತ ನೆನಪಿರುತ್ತೆ, "7ನೇ ಪೇಜಿನದ್ದು" ಅಂತ ಯಾರಿಗೂ ನೆನಪಿರಲ್ಲ.

ಒಟ್ಟು ಎಷ್ಟು ಅನ್ನೋದಕ್ಕೆ ಸೆಲೆಕ್ಟ್ ಕೌಂಟ್ ಅಂತ ಒಂದು ಇದೆ, ಆದ್ರೆ ಅದು ಐಟಮ್ ಕಳಿಸಲ್ಲ ಅಷ್ಟೇ, ಓದೋದು ಎಲ್ಲಾನೂ ಓದುತ್ತೆ, ಯುನಿಟ್ ಅಷ್ಟೇ ಆಗುತ್ತೆ, 1 ಎಂಬಿ ಆದಮೇಲೆ ಅದಕ್ಕೂ ಕೀ ಇಟ್ಕೊಂಡು ಮತ್ತೆ ಕರೀಬೇಕು. ಟೇಬಲ್ ವಿವರದಲ್ಲಿ ಬರೋ ಐಟಮ್ ಕೌಂಟ್ ಸುಮಾರು ಆರು ಗಂಟೆಗೊಮ್ಮೆ ಬದಲಾಗುತ್ತೆ, ಅದೂ ಇಡೀ ಟೇಬಲ್‌ನದ್ದು. ನಿಜವಾಗ್ಲೂ ಬೇಕು ಅಂದ್ರೆ ಟೀಮಿಗೊಂದು ಎಣಿಕೆಯ ಐಟಮ್ ಇಟ್ಟು, ಟಿಕೆಟ್ ತೆರೆದಾಗ ಮುಚ್ಚಿದಾಗ ಅದೇ ಟ್ರಾನ್ಸಾಕ್ಷನ್‌ನಲ್ಲಿ ಕೂಡಿಸಿ ಕಳೀರಿ.

ಪರದೆಯಾಚೆ

ತಾರೀಖಿನ ವಿಚಾರ ತುಂಬಾ ಇಷ್ಟ ಆಯ್ತು, ನಾಳೆನೇ ಡಿಸೈನ್‌ನವರ ಹತ್ರ ಮಾತಾಡ್ತೀನಿ. ಇನ್ನೊಂದು. ಬಳಕೆದಾರ ಕೆಳಗೆ ಎಳೀತಾ ಇರುವಾಗಲೇ ಮೇಲೆ ಹೊಸ ಟಿಕೆಟ್ ಬಂದ್ರೆ? ಹಿಂದೆ ಆಫ್‌ಸೆಟ್ ಇದ್ದ ಪ್ರಾಜೆಕ್ಟ್‌ನಲ್ಲಿ ಒಂದೇ ಸಾಲು ಎರಡು ಸಲ ಕಾಣಿಸ್ತಿತ್ತು.

ಎಣಿಕೆ

ಆಫ್‌ಸೆಟ್‌ನಲ್ಲಿ ಅದು ಆಗೇ ಆಗುತ್ತೆ, ಮೇಲೆ ಒಂದು ಸೇರಿದ್ರೆ ಎಲ್ಲಾ ಒಂದೊಂದು ಸ್ಥಾನ ಕೆಳಗೆ ಸರಿಯುತ್ತೆ, 20ನೇದು 21ನೇದಾಗಿ ಮತ್ತೆ ಬರುತ್ತೆ. ಕೀ ಹಿಡ್ಕೊಂಡು ಹೋದ್ರೆ ಆ ತೊಂದರೆ ಇಲ್ಲ, ಮೇಲೆ ಏನೇ ಸೇರಲಿ, ನೀವಿರೋ ಜಾಗ ಅಲುಗಾಡಲ್ಲ. ಆದ್ರೆ "ಕೊನೇ ಬದಲಾವಣೆ ಸಮಯ"ದ ಮೇಲೆ ಇಂಡೆಕ್ಸ್ ಮಾಡಿದ್ರೆ ಕಥೆ ಬೇರೆ. ಮೂಲ ಟೇಬಲ್‌ನ ಸಾರ್ಟ್ ಕೀ ಬದಲಾಯಿಸೋಕಾಗಲ್ಲ, ಇಂಡೆಕ್ಸ್‌ನದ್ದು ಬದಲಾಗುತ್ತೆ. ಹೊಸದು ಮೊದಲು ಅಂತ ಓದ್ತಾ ಇದ್ದಾಗ ನೀವಿನ್ನೂ ತಲುಪದ ಟಿಕೆಟ್‌ಗೆ ಯಾರೋ ಉತ್ತರ ಬರೆದ್ರೆ ಅದು ಹಾರಿ ಮೇಲಕ್ಕೆ ಹೋಗುತ್ತೆ, ನಿಮಗೆ ಸಿಗೋದೇ ಇಲ್ಲ. ಹಳೇದು ಮೊದಲು ಅಂತ ಓದ್ತಿದ್ರೆ ಆಗ್ಲೇ ನೋಡಿದ್ದು ಮುಂದೆ ಮತ್ತೆ ಸಿಗುತ್ತೆ. ಹಾಗಾಗಿ ಕ್ಲೈಂಟ್‌ನಲ್ಲಿ ಟಿಕೆಟ್ ಐಡಿ ನೋಡಿ ಡೂಪ್ಲಿಕೇಟ್ ತೆಗೀರಿ, ಸಾಧ್ಯ ಇದ್ರೆ ಹುಟ್ಟಿದ ಸಮಯದ ಮೇಲೇ ಸಾಲು ಮಾಡಿ.

ಮೂರನೇಕಣ್ಣು

ಕೀನ ಕ್ಲೈಂಟ್‌ಗೆ ಕೊಡೋದು ಅಂತ ಎಲ್ರೂ ಸಲೀಸಾಗಿ ಹೇಳ್ತಿದೀರ, ಹೇಗೆ ಕೊಡ್ತೀರ ಅನ್ನೋದನ್ನ ದಯವಿಟ್ಟು ಮಾತಾಡಿ. ಬೇಸ್64 ಮಾಡಿ ಯುಆರ್‌ಎಲ್‌ನಲ್ಲಿ ಹಾಕಿದ್ರೆ ಅದು ಬೀಗ ಅಲ್ಲ, ಯಾರು ಬೇಕಾದ್ರೂ ಬಿಚ್ಚಿ ಓದಬಹುದು. ನಾನು ನೋಡಿದ ಒಂದು ಆಪ್‌ನಲ್ಲಿ ಪಾರ್ಟಿಶನ್ ಕೀ ಒಳಗೇ ಗ್ರಾಹಕರ ಇಮೇಲ್ ಇತ್ತು, ಆ ಟೋಕನ್ ಯುಆರ್‌ಎಲ್‌ನಲ್ಲಿ ಹೋಗಿ ಸರ್ವರ್ ಲಾಗ್, ಅನಲಿಟಿಕ್ಸ್, ಎಲ್ಲಾ ಕಡೆ ಕೂತಿತ್ತು. ಅದನ್ನ ಅಳಿಸೋಕೆ ವಾರಗಟ್ಟಲೆ ಬೇಕಾಯ್ತು.

ಟೋಕನ್‌ಗೆ ಎಚ್‌ಮ್ಯಾಕ್ ಸಹಿ (ಯಾರಾದ್ರೂ ತಿದ್ದಿದ್ರೆ ಸರ್ವರ್‌ಗೆ ಗೊತ್ತಾಗೋ ಗುರುತು) ಹಾಕಿ, ಕೀ ಒಳಗೆ ಗುಟ್ಟಿನ ಮಾಹಿತಿ ಇದ್ರೆ ಎನ್‌ಕ್ರಿಪ್ಟ್ ಮಾಡಿ. ಟೀಮ್ ಐಡಿನ ಟೋಕನ್‌ನಿಂದ ತಗೊಳ್ಳಲೇಬೇಡಿ, ಲಾಗಿನ್ ಆದ ಸೆಷನ್‌ನಿಂದ ತಗೊಂಡು ನೀವೇ ಹಾಕಿ. ಕ್ವೆರಿಯ ಪಾರ್ಟಿಶನ್‌ಗೆ ಹೊಂದದ ಸ್ಟಾರ್ಟ್ ಕೀ ಕೊಟ್ರೆ ಡೈನಮೊಡಿಬಿ ವ್ಯಾಲಿಡೇಶನ್ ಎರರ್ ಕೊಡುತ್ತೆ ನಿಜ, ಆದ್ರೆ ಅದೇ ಕಾವಲು ಅನ್ಕೊಂಡು ಕೂರಬೇಡಿ, ಸ್ಕ್ಯಾನ್ ಬಳಸೋ ಕಡೆ ಕೀ ಎಲ್ಲಿಗೆ ಬೇಕಾದ್ರೂ ತೋರಿಸಬಹುದು. ಆಮೇಲೆ, ಟೋಕನ್ ಒಳಗೆ ಯಾವ ಫಿಲ್ಟರ್, ಯಾವ ಸಾರ್ಟ್ ಇದ್ದಾಗ ಹುಟ್ಟಿದ್ದು ಅಂತಾನೂ ಸೇರಿಸಿ. ಮಧ್ಯದಲ್ಲಿ ಬಳಕೆದಾರ ಸಾರ್ಟ್ ತಿರುಗಿಸಿದ್ರೆ ಹಳೇ ಟೋಕನ್ ಎಸೆದು ಮೊದಲಿಂದ ಶುರು ಮಾಡ್ಬೇಕು.

ತಾಳೆಗರಿ

ಫೈರ್‌ಸ್ಟೋರ್ ಬಳಸೋರಿಗೆ ಒಂದು ಮಾತು, ಅಲ್ಲಿ ಫಿಲ್ಟರ್ ಇಂಡೆಕ್ಸ್ ಮೇಲೇ ನಡೆಯೋದ್ರಿಂದ ಮೇಲಿನ ಖಾಲಿ ಪೇಜಿನ ಕಾಟ ಇಲ್ಲ, ಆದ್ರೆ ಬೇರೆ ಥರ ಕೈ ತಪ್ಪುತ್ತೆ. ಸಮಯದ ಮೇಲೆ ಆರ್ಡರ್ ಬೈ ಹಾಕಿ ಸ್ಟಾರ್ಟ್ ಆಫ್ಟರ್‌ಗೆ ಬರೀ ಆ ಸಮಯದ ಬೆಲೆ ಕೊಟ್ರೆ, ಅದೇ ಸಮಯ ಇರೋ ಇನ್ನೊಂದು ಡಾಕ್ಯುಮೆಂಟ್ ಪೇಜಿನ ಅಂಚಿನಲ್ಲಿದ್ರೆ ಅದೂ ಹಾರಿಹೋಗುತ್ತೆ. ಬೆಲೆ ಬೇಡ, ಕೊನೇ ಡಾಕ್ಯುಮೆಂಟ್‌ನ ಸ್ನ್ಯಾಪ್‌ಶಾಟ್‌ನೇ ಕೊಡಿ, ಆಗ ಡಾಕ್ಯುಮೆಂಟ್ ಹೆಸರೂ ಸೇರಿ ಸರಿಯಾದ ಜಾಗದಿಂದ ಶುರುವಾಗುತ್ತೆ. ಒಟ್ಟು ಎಣಿಕೆಗೆ ಅಲ್ಲಿ ಕೌಂಟ್ ಅಗ್ರಿಗೇಶನ್ ಇದೆ, ಸಾವಿರ ಇಂಡೆಕ್ಸ್ ಎಂಟ್ರಿವರೆಗೆ ಒಂದು ರೀಡ್ ಲೆಕ್ಕ, ಸಾಕಷ್ಟು ಅಗ್ಗ. ಕಾಸ್ಮೋಸ್‌ನಲ್ಲಿ ಕಂಟಿನ್ಯುಯೇಶನ್ ಟೋಕನ್ ಸಿಗುತ್ತೆ, ಅದನ್ನ ಡೈನಮೊಡಿಬಿ ಕೀ ಥರ ಒಳಗೆ ಕೈ ಹಾಕಿ ನೀವೇ ಕಟ್ಟೋಕೆ ಹೋಗಬೇಡಿ, ಕೊಟ್ಟಿದ್ದನ್ನ ಹಾಗೇ ವಾಪಸ್ ಕೊಡಿ. ಅಲ್ಲೂ ಮ್ಯಾಕ್ಸ್ ಐಟಮ್ ಕೌಂಟ್ ಅನ್ನೋದು ಮೇಲ್ಮಿತಿ ಮಾತ್ರ, ಪೇಜ್ ಕಮ್ಮಿ ಬರಬಹುದು, ಖಾಲಿನೂ ಬರಬಹುದು.

ಕಿರುದಾರಿ

ಎಲ್ರಿಗೂ ಮನಸಾರೆ ಥ್ಯಾಂಕ್ಸ್. ನಾಲ್ಕು ದಿನ ಆದಮೇಲೆ ಬಂದು ಬರೀತಿದೀನಿ. ಮೊದಲ ರಾತ್ರಿ ಲೂಪ್ ಹಾಕಿ ಐದು ಕರೆಯ ಮಿತಿ ಇಟ್ಟೆ, 20ನೇ ಟಿಕೆಟ್‌ನಿಂದ ಕೀ ಕಟ್ಟಿದೆ, ಕಾಣೆಯಾಗಿದ್ದ ಟಿಕೆಟ್‌ಗಳು ಎಲ್ಲಾ ಬಂದ್ವು. ಆಮೇಲೆ ಸ್ಪಾರ್ಸ್ ಇಂಡೆಕ್ಸ್ ಮಾಡಿ, ಹಳೇ ಓಪನ್ ಟಿಕೆಟ್‌ಗಳಿಗೆ ಆ ಆಟ್ರಿಬ್ಯೂಟ್ ತುಂಬೋ ಸಣ್ಣ ಸ್ಕ್ರಿಪ್ಟ್ ಓಡಿಸಿದೆ. ಈಗ ದೊಡ್ಡ ಟೀಮಿಗೂ ಮೊದಲ ಕರೆಯಲ್ಲೇ 20, ಎರಡನೇ ಕರೆಯಲ್ಲಿ ಉಳಿದವು. ಕ್ಲೋಸ್ ಮಾಡೋ ಜಾಗ ಕೋಡ್‌ನಲ್ಲಿ ಎರಡು ಕಡೆ ಇತ್ತು, ಒಂದು ಕಡೆ ಆಟ್ರಿಬ್ಯೂಟ್ ತೆಗೆಯೋದು ಬಿಟ್ಟುಹೋಗಿ ಮುಚ್ಚಿದ ಟಿಕೆಟ್ ಪಟ್ಟಿಲಿ ಕಾಣ್ತಿತ್ತು, ಅದನ್ನೂ ಸರಿ ಮಾಡಿದೆ. ಟೋಕನ್‌ಗೆ ಸಹಿ ಹಾಕಿದೀನಿ.

ಒಂದು ಉಳಿದಿದೆ. ಇದಕ್ಕೆ ಟೆಸ್ಟ್ ಬರೆಯೋಕೆ ಸಾವಿರಾರು ಐಟಮ್ ತುಂಬಿಸ್ಬೇಕಾ? ಅದಕ್ಕೇ ತುಂಬಾ ಹೊತ್ತು ಹಿಡೀತಿದೆ.

ರಾತ್ರಿಪಾಳಿ

ಬೇಡ. ಡೇಟಾಬೇಸ್‌ಗೆ ಕೊಡೋ ಲಿಮಿಟ್‌ನ ಬಳಕೆದಾರನ ಪೇಜ್ ಸೈಜಿನಿಂದ ಬೇರೆ ಮಾಡಿ ಒಂದು ಸೆಟ್ಟಿಂಗ್‌ನಲ್ಲಿ ಇಡಿ, ಟೆಸ್ಟ್‌ನಲ್ಲಿ ಅದನ್ನ 1 ಮಾಡಿ, ಕರೆಗಳ ಮಿತಿಯನ್ನೂ ಸೆಟ್ಟಿಂಗ್ ಮಾಡಿ ಅಲ್ಲಿ ಸಡಿಲಿಸಿ. ಐದು ಐಟಮ್ ಸಾಕು, ಅದರಲ್ಲಿ ಮಧ್ಯದ ಎರಡು ಫಿಲ್ಟರ್‌ಗೆ ಸಿಗದ ಹಾಗೆ ಇಡಿ. ಖಾಲಿ ಪೇಜ್, ಕೀ ಇದ್ದೂ ಮುಂದೆ ಏನೂ ಇಲ್ಲದ ಪೇಜ್, ಎರಡೂ ಅಲ್ಲೇ ಬಂದುಬಿಡುತ್ತೆ. ಕತ್ತರಿಸೋ ಜಾಗ ಮಾತ್ರ 1ರಲ್ಲಿ ಬರಲ್ಲ, ಅದಕ್ಕೆ ಲಿಮಿಟ್ 3, ಪೇಜ್ ಸೈಜ್ 2 ಇಟ್ಟು ಇನ್ನೊಂದು ಟೆಸ್ಟ್ ಬರೀರಿ, ಕೊನೆಗೆ ಎಲ್ಲಾ ಪೇಜಿನ ಐಡಿಗಳನ್ನ ಸೇರಿಸಿ, ತುಂಬಿಸಿದ ಪಟ್ಟಿಗೆ ಸರಿ ಹೊಂದುತ್ತಾ, ಯಾವುದಾದ್ರೂ ಎರಡು ಸಲ ಬಂತಾ ಅಂತ ನೋಡಿ.

ಕಿರುದಾರಿ

ಮಾಡಿದೆ, ಲಿಮಿಟ್ 3ರ ಟೆಸ್ಟ್ ಮೊದಲ ಸಲ ಫೇಲ್ ಆಯ್ತು. ಕೀ ಕಟ್ಟೋ ಕಡೆ ಓಪನ್ ಸಮಯ ಸೇರಿಸೋದು ಮರೆತಿದ್ದೆ, ಎರಡನೇ ಪೇಜಿಗೆ ವ್ಯಾಲಿಡೇಶನ್ ಎರರ್. ಸೇರಿಸಿದೆ, ಈಗ ಎರಡೂ ಪಾಸ್.